ಮೇಲಿನ ಮನೆ, ಕೆಳಗಿನ ಮನೆ, ನಡುವೆ ಮಂಡಳಿ

ಸಕ್ಷಮ ಅಧಿಕಾರಿಗಳನ್ನು ಕೊನೇ ಗಳಿಗೆಯಲ್ಲಿ ಮಂತ್ರಿಗಳ ಮೀಟಿಂಗಿಗೆ ಕರೆಸಿಕೊಳ್ಳಬಹುದಿತ್ತು. ಕರೆಸಿಕೊಳ್ಳದೆ ಹೋದರೆ, ಹಿಂದಿನ ದಿನದ ಮದುವೆ ಊಟ ಅವರ ಹೊಟ್ಟೆ ಕೆಡಿಸಬಹುದಿತ್ತು. ಕಡತ ಆಡಿಟ್‌ನವರ ಮೇಜು ಸೇರಬಹುದಿತ್ತು. ಕಡತ ಇದ್ದು, ಅದರೊಳಗಿನ ಹೈಕೋರ್ಟ್ ಆದೇಶದ ಪ್ರತಿ ಮಾತ್ರ ಕಳಚಿಕೊಂಡು ಪಕ್ಕದ ಕಡತದಲ್ಲಿ ಸಂಸಾರ ಹೂಡಬಹುದಿತ್ತು. ಕರೆಂಟು ಹೋಗಬಹುದಿತ್ತು. ಕರೆಂಟು ಇದ್ದೂ ಪ್ರಿಂಟರು ಮುನಿಸಿಕೊಳ್ಳಬಹುದಿತ್ತು. ಹಲಸೂರಿನ ಕನ್ನಿಯಮ್ಮನಿಗೆ ಜ್ವರ ಬರಬಹುದಿತ್ತು; ಆಕೆಯ ಜೊತೆ ಅರ್ಜಿ ಹಾಕಿದ್ದ ಅಮ್ಜದ್ ಪಾಷಾನಿಗೆ ಸಿಟ್ಟು ಬರಬಹುದಿತ್ತು. ಆಟೋ ಮುಷ್ಕರ, ಯಾವುದೋ ಮೆರವಣಿಗೆಗಾಗಿ ಶಿವಾಜಿನಗರದ ರಸ್ತೆ ಬಂದ್, ಬಿ.ಪಿ. ಏರಿ ನಾನೇ ಆಸ್ಪತ್ರೆಗೆ ಸೇರುವುದು, ಇವೆಲ್ಲ ಇದ್ದೇ ಇದ್ದವು. ನ್ಯಾಯಾಲಯ ಕೊಟ್ಟಿದ್ದ ಗಡುವನ್ನು ನಾನು ತಪ್ಪಾಗಿ ಎಣಿಸಿ, ಅದು ನಿನ್ನೆಯೇ ಮುಗಿದು, ನಮ್ಮ ಮೇಲೆ ನಿಂದನೆ ಅರ್ಜಿ ಬಂದುಬಿಡಬಹುದಿತ್ತು. ಮನೆಯ ಕ್ಯಾಲೆಂಡರು, ಆಫೀಸಿನ ಕ್ಯಾಲೆಂಡರು, ಬೇಕರಿಯವನು ಕೊಟ್ಟ ಕ್ಯಾಲೆಂಡರು ಎಲ್ಲವನ್ನೂ ನೋಡಿ ಎಣಿಸಿದ್ದೆ. ಎಲ್ಲ ಕ್ಯಾಲೆಂಡರುಗಳೂ ಒಟ್ಟಿಗೆ ತಪ್ಪಿರಬಹುದಿತ್ತು.

ವಿಚಾರಣೆಯಿದ್ದ ಆ ದಿನ ಬೆಳಿಗ್ಗೆ ಮನೆಯಿಂದ ಹೊರಟವನು ಗ್ಯಾಸ್ ಆಫ್ ಆಗಿದೆಯಾ ನೋಡಲು ಮತ್ತೆ ಒಳಗೆ ಹೋದೆ. ನನ್ನ ಹೆಂಡತಿ ಸರೋಜ ವಿಮಾನಪುರದ ಶಾಲೆಯೊಂದರಲ್ಲಿ ಟೀಚರ್; ಆಕೆಗೂ ಹೊತ್ತಾಗುತ್ತಿತ್ತು. "ರೀ, ನಾನು ಆಫ್ ಮಾಡಿದ್ದೀನಿ. ನೀವು ಎರಡು ಸಲ ನೋಡಿದ್ದೀರಿ. ಇನ್ನು ಉಳಿದಿರೋದು ಹೈಕೋರ್ಟು ಒಂದೇ, ಅವ್ರನ್ನೂ ಕರೆಸಿ ತೋರಿಸ್ಲಾ?" ಎಂದಳು.

ಹೈಕೋರ್ಟಿನ ಮಾತು ನಮ್ಮ ಮನೆಯಲ್ಲಿ ಹೀಗೆ ಬೇಳೆ ಉಪ್ಪಿನ ಜೊತೆ ಓಡಾಡುತ್ತಿತ್ತು. ನಾನು ಬಡವರಿಗೆ ಮನೆ ಕಟ್ಟಿ ಹಂಚುವ ಒಂದು ಸರಕಾರಿ ಮಂಡಳಿಯ ಕಾನೂನು ಶಾಖೆಯಲ್ಲಿದ್ದೆ. ಮಂಡಳಿಯ ಹೆಸರು ಹೇಳುವುದಿಲ್ಲ. ಪಿಂಚಣಿ ಬರುತ್ತಿದೆ, ಬರುತ್ತಲೇ ಇರಲಿ. ಹಂಚಿದ ಮನೆಯನ್ನು ಖಾಲಿ ಮಾಡಿ ಎಂದು ಮಂಡಳಿ ಆದೇಶ ಹೊರಡಿಸುತ್ತದೆ. ಮನೆಯವರು ಹೈಕೋರ್ಟಿಗೆ ಹೋಗಿ ರಿಟ್ ಅರ್ಜಿ ಹಾಕುತ್ತಾರೆ. ಆ ಅರ್ಜಿಯ ಒಂದೊಂದು ಪ್ಯಾರಾಕ್ಕೂ ಮಂಡಳಿಯ ಉತ್ತರ ಸಿದ್ಧಪಡಿಸಿ, ನಮ್ಮ ವಕೀಲರ ಕೈಗಿಟ್ಟು, ಕೋರ್ಟ್ ಹಾಲಿನ ಕೊನೇ ಸಾಲಿನಲ್ಲಿ ಕೂತು ಬೆವರುವುದು ನನ್ನ ಉದ್ಯೋಗ. ಐವತ್ತು ದಾಟಿದ ಸ್ವಲ್ಪದರಲ್ಲೇ ಡಾಕ್ಟರು, "ಬೆವರೋದನ್ನ ನಿಲ್ಸಿ, ಇಲ್ಲಾ ಕೆಲಸ ನಿಲ್ಸಿ" ಎಂದರು. ಎರಡನೆಯದು ಸುಲಭ ಎನಿಸಿ ಸ್ವಯಂನಿವೃತ್ತಿ ತೆಗೆದುಕೊಂಡೆ. ಬೆವರುವುದು ಹಾಗೇ ಇದೆ.

ಈ ಶಾಖೆಗೆ ಹೊಸದಾಗಿ ಬರುವವರಿಗೆ ತರಬೇತಿಯಲ್ಲಿ ಕಾಯಿದೆಯ ಕಲಮುಗಳನ್ನೆಲ್ಲ ಬಾಯಿಪಾಠ ಮಾಡಿಸುತ್ತಾರೆ. ಅದರಿಂದ ನಷ್ಟವೇನಿಲ್ಲ. ಆದರೆ ಮೊದಲು ತಿಳಿಯಬೇಕಾದದ್ದು ಬೇರೆ. ಹೈಕೋರ್ಟು ಇಂಥ ಪ್ರಕರಣದಲ್ಲಿ ನೀವು ಬಡಿಸಿದ ಅಡುಗೆಯ ರುಚಿ ನೋಡುವುದಿಲ್ಲ. ಕೈ ತೊಳೆದು ಬಡಿಸಿದಿರಾ ಎಂದು ಕೇಳುತ್ತದೆ. ನೋಟಿಸು ಕೊಟ್ಟಿರಾ? ಅವರ ಮಾತು ಕೇಳಿದಿರಾ? ತೀರ್ಮಾನಕ್ಕೆ ಕಾರಣ ಬರೆದಿರಾ? ಇಷ್ಟೇ. ಇಷ್ಟಕ್ಕೂ ಧೈರ್ಯವಾಗಿ 'ಹೌದು' ಎನ್ನಬಹುದಾದ ಕಡತವೊಂದು ನನ್ನ ಮೇಜಿಗೆ ಬರಲಿ ಎಂದು ಇಡೀ ನೌಕರಿ ಕಾದೆ.

ಬರುತ್ತಿದ್ದದ್ದು ಇನ್‌ಸ್ಪೆಕ್ಟರ್ ಗೋವಿಂದರಾಜುವಿನ ಮಹಜರುಗಳು. ಮಹಜರು ಎಂದರೆ ಸ್ಥಳಕ್ಕೆ ಹೋಗಿ, ಕಂಡದ್ದನ್ನು ಅಕ್ಕಪಕ್ಕದವರ ಎದುರು ಬರೆದುಕೊಳ್ಳುವುದು. ಹಂಚಿಕೆ ಪಡೆದವರೇ ಮನೆಯಲ್ಲಿದ್ದಾರೋ, ಬೇರೆ ಯಾರಿಗಾದರೂ ಬಿಟ್ಟುಕೊಟ್ಟಿದ್ದಾರೋ ನೋಡಿ ಬರುವುದು ಆತನ ಕೆಲಸ. ಬಾಣಸವಾಡಿ ಕಡೆಯ ನಮ್ಮ ಬ್ಲಾಕಿಗೆ ಒಮ್ಮೆ ಮಧ್ಯಾಹ್ನ ಹೋಗಿ, "ಮನೆಗೆ ಬೀಗ ಹಾಕಿದ್ದು, ಹಂಚಿಕೆದಾರರು ವಾಸವಿಲ್ಲದಿರುವುದು ಕಂಡುಬಂದಿದೆ" ಎಂದು ಸಾಲಾಗಿ ಬರೆದು ತಂದ. ಗಂಡ ಹೆಂಡತಿ ಇಬ್ಬರೂ ಗಾರ್ಮೆಂಟ್ಸ್‌ಗೆ ಹೋಗುವ ಮನೆಗಳವು.

"ರೀ ಗೋವಿಂದರಾಜು, ಮಟಮಟ ಮಧ್ಯಾಹ್ನ ನನ್ನ ಮನೆಗೆ ಹೋದ್ರೂ ಬೀಗಾನೇ ಇರತ್ತೆ. ನನ್ನನ್ನೂ ಖಾಲಿ ಮಾಡಿಸ್ತೀರಾ?"

"ನಿಮ್ದು ಮಂಡಳಿ ಮನೆ ಅಲ್ವಲ್ಲ ಸಾರ್."

"ಸಂಜೆ ಹೋಗ್ಬಾರ್ದಾ?"

"ಸಂಜೆ ಹೋದ್ರೆ ಎಲ್ಲಾ ಮನೇಲೇ ಇರ್ತಾರಲ್ಲ ಸಾರ್" ಎಂದ ಗೋವಿಂದರಾಜು, ನನ್ನ ದಡ್ಡತನಕ್ಕೆ ಮರುಗುವವನಂತೆ.

ಕೆಟ್ಟವನಲ್ಲ. ನನ್ನ ಬಿ.ಪಿ. ಮಾತ್ರೆ ಮುಗಿದಾಗ ಮಳೆಯಲ್ಲಿ ಹೋಗಿ ತಂದುಕೊಟ್ಟಿದ್ದಾನೆ. ಮೇಲಿನವರು ತಿಂಗಳಿಗೆ ಇಷ್ಟು ಅನಧಿಕೃತ ವಾಸಿಗಳನ್ನು ಪತ್ತೆ ಮಾಡಿ ಎಂದು ಗುರಿ ಕೊಟ್ಟರೆ, ಅಷ್ಟು ಪತ್ತೆ ಮಾಡುತ್ತಿದ್ದ. ಬೀಗ ಕಂಡರೆ ವಾಸವಿಲ್ಲ, ಬಾಗಿಲು ತೆರೆದಿದ್ದು ನೆಂಟರು ಕಂಡರೆ ಒಳಬಾಡಿಗೆ.

ಕಂಪ್ಯೂಟರು ಬಂದ ಮೇಲೆ ಈ ಸಂಕಟ ನೀಗುತ್ತದೆ ಎಂದುಕೊಂಡಿದ್ದೆ. ಟೈಪ್‌ರೈಟರ್ ಕಾಲದಲ್ಲಿ ತಪ್ಪು ಹೇಳಿಕೆಯನ್ನಾದರೂ ಪ್ರತಿ ಸಲ ಹೊಸದಾಗಿ ಟೈಪ್ ಮಾಡಬೇಕಿತ್ತು. ಬೆರಳು ನೋಯುತ್ತಿದ್ದುದರಿಂದ ಹೇಳಿಕೆಗಳು ಚಿಕ್ಕವಾಗಿರುತ್ತಿದ್ದವು. ಆಮೇಲೆ ಒಂದು ಪ್ರಕರಣದ ಆಕ್ಷೇಪಣೆಯನ್ನು ಇನ್ನೊಂದಕ್ಕೆ ಎತ್ತಿ ಅಂಟಿಸುವುದು ಶುರುವಾಯಿತು. ಕೆ.ಆರ್. ಪುರದ ಒಬ್ಬ ಸಂಗೀತದ ಮೇಷ್ಟ್ರಮ್ಮನ ಮೊಕದ್ದಮೆಯಲ್ಲಿ, ಅರ್ಜಿದಾರರು ಸದರಿ ಮನೆಯಲ್ಲಿ ಕೋಳಿ ಅಂಗಡಿ ನಡೆಸುತ್ತಿದ್ದು ನೆರೆಹೊರೆಯವರಿಗೆ ದುರ್ವಾಸನೆಯಿಂದ ತೊಂದರೆಯಾಗಿದೆ ಎಂದು ಮಂಡಳಿ ಪ್ರಮಾಣ ಮಾಡಿ ಹೇಳಿತು. ನ್ಯಾಯಮೂರ್ತಿಗಳು ಅದನ್ನು ಗಟ್ಟಿಯಾಗಿ ಓದಿದರು. ಆ ತಾಯಿ ಕೋರ್ಟಿನಲ್ಲೇ ಇದ್ದರು, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಶ್ರುತಿಪೆಟ್ಟಿಗೆಯ ಚೀಲ. ಅಲ್ಲಿಂದ ಸೀದಾ ಪಾಠಕ್ಕೆ ಹೋಗಬೇಕಿತ್ತಂತೆ.

ನಮ್ಮ ವಕೀಲೆ ಫಿಲೋಮಿನಾ ಮೇಡಂ ಕಾಕ್ಸ್ ಟೌನಿನವರು. ಎಂಥ ನ್ಯಾಯಮೂರ್ತಿಗಳ ಎದುರೂ ತಗ್ಗದ ಅವರ ತಲೆ ಆ ದಿನ ತಗ್ಗಿತು. ಹೊರಗೆ ಬಂದು, "ಏನ್ ಮ್ಯಾನ್ ಇದು? ಆ ಲೇಡಿ ಮಕ್ಕಳಿಗೆ ಸರಿಗಮ ಹೇಳ್ಕೊಡ್ತಾರೆ. ಅವ್ರ ಕೈಲಿ ಕೋಳಿ ಕುಯ್ಸಿದ್ದೀರಲ್ಲ!" ಎಂದರು.

"ಮೇಡಂ, ಅದು ಹಿಂದಿನ ಕೇಸಿನ ಕೋಳಿ" ಎಂದೆ.

"ಹಂಗಾದ್ರೆ ಮುಂದಿನ ಕೇಸಿಗೆ ಇನ್ನೇನು ಕಳಿಸ್ತೀರಿ? ಮೊದ್ಲೇ ಹೇಳ್ಬಿಡಿ, ಹಾರ್ಟ್ ರೆಡಿ ಮಾಡ್ಕೊಂಡಿರ್ತೀನಿ."

ಮುಂದೆ ಕಳಿಸಿದ್ದು ಕನ್ನಿಯಮ್ಮ ಮತ್ತು ಅಮ್ಜದ್ ಪಾಷಾರ ಕಡತ.

ಹಲಸೂರಿನ ಮಾರುಕಟ್ಟೆಯ ಹಿಂದೆ ನಮ್ಮ ಮಂಡಳಿಯ ಹಳೇ ಕಟ್ಟಡವಿದೆ. ನೆಲಮಹಡಿ, ಅದರ ಮೇಲೆ ಮೂರು. ಲಿಫ್ಟ್ ಇಲ್ಲ. ಮನೆಗಳನ್ನು ಚೀಟಿ ಎತ್ತಿ ಹಂಚಿದ್ದು. ಹೂ ಕಟ್ಟಿ ಮಾರುತ್ತಿದ್ದ ಕನ್ನಿಯಮ್ಮನಿಗೆ ಮೂರನೇ ಮಹಡಿ ಬಂತು. ಶಿವಾಜಿನಗರದಲ್ಲಿ ಸೋಫಾ ರಿಪೇರಿ ಮಾಡುವ ಅಮ್ಜದ್ ಪಾಷಾನಿಗೆ ನೆಲಮಹಡಿ ಬಂತು. ವರ್ಷಗಳು ಕಳೆದಂತೆ ಕನ್ನಿಯಮ್ಮನ ಮಂಡಿ ಎರಡೂ ಸವೆದು, ಆಕೆ ಒಮ್ಮೆ ಮೇಲೆ ಹೋದರೆ ವಾರಗಟ್ಟಲೆ ಕೆಳಗಿಳಿಯದಂತಾಯಿತು. ಇತ್ತ ಪಾಷಾನಿಗೆ ಪಾರಿವಾಳದ ಹುಚ್ಚು. ನೆಲಮಹಡಿಯಲ್ಲಿ ಗೂಡು ಇಟ್ಟರೆ ಮಾರುಕಟ್ಟೆಯ ಬೆಕ್ಕುಗಳು ಬಿಡಬೇಕಲ್ಲ. ಆತನಿಗೆ ತಾರಸಿಯ ಪಕ್ಕದ ಮನೆ ಬೇಕಿತ್ತು, ಆಕೆಗೆ ಬೀದಿಯ ಪಕ್ಕದ ಮನೆ. ಇಬ್ಬರೂ ಸೇರಿ, ತಪಾಸಣೆಗೆಂದು ಬಂದಿದ್ದ ಗೋವಿಂದರಾಜುವನ್ನೇ ಕೇಳಿದರು. ಈ ಊರಿನಲ್ಲಿ ಬಸ್ಸಿನ ಸೀಟಿನಿಂದ ಹಿಡಿದು ಮಸಾಲೆ ದೋಸೆಯ ಚಟ್ನಿಯವರೆಗೆ ಎಲ್ಲದಕ್ಕೂ ಕೊಡುವ ಉತ್ತರವನ್ನೇ ಆತನೂ ಕೊಟ್ಟ: "ಅಡ್ಜಸ್ಟ್ ಮಾಡ್ಕೊಳ್ಳಿ."

ಅಡ್ಜಸ್ಟ್ ಮಾಡಿಕೊಂಡರು. ಪಾಷಾ ತನ್ನ ಸೋಫಾ ಅಂಗಡಿಯ ಹುಡುಗರನ್ನು ಕರೆತಂದು ಎರಡೂ ಮನೆಯ ಸಾಮಾನು ಸಾಗಿಸಿದ. ಕನ್ನಿಯಮ್ಮನ ರುಬ್ಬುವ ಕಲ್ಲನ್ನು ಮಾತ್ರ ಇಳಿಸಲಾಗದೆ ಮೇಲೇ ಬಿಟ್ಟರು. ಆಕೆಯ ಸೊಸೆ ಸೆಲ್ವಿ, ದೋಸೆ ಹಿಟ್ಟು ರುಬ್ಬಬೇಕಾದಾಗ ಮೇಲೆ ಹೋಗಿ ಪಾಷಾನ ಮನೆಯಲ್ಲಿ ರುಬ್ಬಿಕೊಂಡು ಬರುತ್ತಿದ್ದಳು. ಹಲವು ವರ್ಷ ಯಾರಿಗೂ ಏನೂ ತೊಂದರೆಯಾಗಲಿಲ್ಲ. ತೊಂದರೆಯಾಗದ್ದು ನಮ್ಮ ಕಣ್ಣಿಗೆ ಬೀಳುವುದು ಹೇಗೆ?

ಅನಧಿಕೃತ ವಾಸಿಗಳ ಪತ್ತೆಗೆ ಅಭಿಯಾನ ಬಂದಾಗ ಬಿತ್ತು. ಗೋವಿಂದರಾಜು ಮೂರನೇ ಮಹಡಿಯ ಬಾಗಿಲು ತಟ್ಟಿದ. ಪಾಷಾ ತೆಗೆದ.

"ಇದು ಕನ್ನಿಯಮ್ಮನ ಮನೆ ಅಲ್ವೇನ್ರಿ?"

"ಹೌದು ಸಾಬ್."

"ಹಂಗಾದ್ರೆ ನೀವ್ಯಾರು?"

"ಕ್ಯಾ ಸಾಬ್, ನಾನು ಅಮ್ಜದ್! ನೀವೇ ಹೇಳಿದ್ರಲ್ಲ, ಅಡ್ಜಸ್ಟ್ ಮಾಡ್ಕೊಳ್ಳಿ ಅಂತ?"

ಕನ್ನಿಯಮ್ಮ ತನ್ನ ಮನೆಯನ್ನು ಪಾಷಾನಿಗೆ ಬಿಟ್ಟುಕೊಟ್ಟಿದ್ದಾಳೆ ಎಂದು ಒಂದು ಪ್ರಕರಣ. ಪಾಷಾ ತನ್ನ ಮನೆಯನ್ನು ಕನ್ನಿಯಮ್ಮನಿಗೆ ಬಿಟ್ಟುಕೊಟ್ಟಿದ್ದಾನೆ ಎಂದು ಇನ್ನೊಂದು. ಗುರಿಗೆ ಎರಡು ಸೇರಿತು. ಇಬ್ಬರ ಹಂಚಿಕೆಯೂ ರದ್ದು, ಇಬ್ಬರೂ ಬೀದಿಗೆ, ಎರಡೂ ಮನೆ ಮಂಡಳಿಗೆ.

ನೋಟಿಸು ಅಂಟಿಸಿದ ಚೆಂದವನ್ನೂ ಹೇಳಬೇಕು. ನಿಯಮದ ಪ್ರಕಾರ ಹಂಚಿಕೆಯಾದ ಮನೆಯ ಬಾಗಿಲಿಗೇ ಅಂಟಿಸಬೇಕು. ಹಾಗಾಗಿ ಕನ್ನಿಯಮ್ಮನ ನೋಟಿಸನ್ನು ಪಾಷಾ ವಾಸವಿದ್ದ ಬಾಗಿಲಿಗೂ, ಪಾಷಾನದನ್ನು ಕನ್ನಿಯಮ್ಮ ವಾಸವಿದ್ದ ಬಾಗಿಲಿಗೂ ಅಂಟಿಸಿ, ಫೋಟೋ ತೆಗೆದು ವಾಟ್ಸ್ಯಾಪಿನಲ್ಲಿ ಕಳಿಸಿ, ಜಾರಿಯಾಯಿತು ಎಂದು ಬರೆದರು. ಪಾಷಾ ಆಕೆಯದನ್ನು ಕೆಳಗೆ ತಂದುಕೊಟ್ಟ, ತನ್ನದನ್ನು ಮೇಲೆ ಒಯ್ದ.

ಉತ್ತರ ಹೇಳಲು ಇಬ್ಬರೂ ನಮ್ಮ ಕಚೇರಿಗೆ ಬಂದರು. ಕಂಟೋನ್ಮೆಂಟಿನ ಹಳೇ ಕಟ್ಟಡ ನಮ್ಮದು. ಅದಕ್ಕೂ ಲಿಫ್ಟ್ ಇಲ್ಲ. ಖಾಲಿ ಮಾಡಿಸುವ ಪ್ರಕರಣಗಳನ್ನು ತೀರ್ಮಾನಿಸುವ ಸಕ್ಷಮ ಅಧಿಕಾರಿ ಮರಿಸ್ವಾಮಿ ಸಾಹೇಬರ ಕೊಠಡಿ ಮೂರನೇ ಮಹಡಿಯಲ್ಲಿ. ಪಾಷಾ ಹತ್ತಿ ಹೋದರೆ ಸಾಹೇಬರು ಬಿಜಿ. ಕನ್ನಿಯಮ್ಮ ಅಂಗಳದಲ್ಲೇ ನಿಂತು, ಹೂ ಮಾರಿ ಪಳಗಿದ ಗಂಟಲಿನಲ್ಲಿ, ತನ್ನ ಮಂಡಿಯ ಕಥೆಯನ್ನೂ ಗೋವಿಂದರಾಜುವಿನ ಅಡ್ಜಸ್ಟ್ ಕಥೆಯನ್ನೂ ಮೂರನೇ ಮಹಡಿಗೆ ಮುಟ್ಟುವಂತೆ ಕೂಗಿ ಹೇಳಿದಳು. ಸಾಹೇಬರು ಕಿಟಕಿ ಮುಚ್ಚಿಸಿದರು. ಕೆಲವು ದಿನಕ್ಕೆ ಆದೇಶ ಹೊರಟಿತು. ಕಾರಣ ಇರಬೇಕಾದ ಜಾಗದಲ್ಲಿ ಎಂದಿನಂತೆ ಅಚ್ಚಾದ ಒಂದೇ ಸಾಲು: "ವಿವರಣೆ ಸಮಾಧಾನಕರವಾಗಿಲ್ಲ."

ನಾನು ಹಿಂದೊಮ್ಮೆ ಇದನ್ನೇ ಸಾಹೇಬರ ಮುಂದೆ ಎತ್ತಿದ್ದೆ. "ಸಾರ್, ಎರಡು ಸಾಲು ಕಾರಣ ಬರೆದ್ಬಿಟ್ರೆ ಕೋರ್ಟಲ್ಲಿ ನಿಲ್ಲತ್ತೆ."

"ಕಾರಣ ಬರೆದ್ರೆ ಆ ಕಾರಣಕ್ಕೆ ಕಾರಣ ಕೇಳ್ತಾರೆ ಕಣ್ರಿ" ಎಂದಿದ್ದರು ಮರಿಸ್ವಾಮಿ. "ನೀವು ಸುಮ್ನೆ ಟೆನ್ಷನ್ ಪಾರ್ಟಿ."

ರಿಟ್ ಅರ್ಜಿ ಬಂತು. ಜಿಲ್ಲಾ ನ್ಯಾಯಾಧೀಶರ ಬಳಿ ಮೇಲ್ಮನವಿ ಹಾಕಬಹುದಿತ್ತು, ನೇರ ಇಲ್ಲಿಗೆ ಬಂದಿದ್ದಾರೆ ಎಂಬ ನಮ್ಮ ಖಾಯಂ ತಕರಾರನ್ನು ಬರೆದುಕೊಂಡು ಹೋದೆ. ಫಿಲೋಮಿನಾ ಮೇಡಂ ಅದನ್ನು ಓದಿ ಪಕ್ಕಕ್ಕಿಟ್ಟು, "ಇದು ಬಿಡಿ. ವಿಚಾರಣೆ ಮಾಡಿ ಅವ್ರ ಮಾತು ಕೇಳಿದ್ರಾ ಇಲ್ವಾ?" ಎಂದರು.

"ಕೇಳಿಸ್ತು ಮೇಡಂ. ಆಮೇಲೆ ಕಿಟಕಿ ಮುಚ್ಚಿದ್ರು."

ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಒರೆಸುತ್ತಲೇ ಇದ್ದರು.

ನ್ಯಾಯಮೂರ್ತಿಗಳು ಬೈಯಲಿಲ್ಲ. ಬೈದರೆ ತಡೆದುಕೊಳ್ಳಬಹುದು. ಬಹಳ ಕುತೂಹಲದಿಂದ ಕೇಳಿದರು.

"ಇವರ ನೋಟಿಸನ್ನು ಅವರ ಬಾಗಿಲಿಗೆ, ಅವರದನ್ನು ಇವರ ಬಾಗಿಲಿಗೆ ಅಂಟಿಸಿದ್ದೀರಿ?"

"ನಿಯಮದಂತೆ, ಮಹಾಸ್ವಾಮಿ" ಎಂದರು ಮೇಡಂ.

"ಯಾರು ಎಲ್ಲಿದ್ದಾರೆ ಎಂದು ನಿಮಗೆ ಗೊತ್ತಿತ್ತು. ಅದೇ ಅಲ್ಲವೇ ಆರೋಪ?"

"ಗೊತ್ತಿತ್ತು."

"ಅಂದರೆ ನೋಟಿಸ್ ಜಾರಿ ಮಾಡಿದ್ದು ಮಂಡಳಿಯಲ್ಲ, ಅರ್ಜಿದಾರರು. ಇನ್ನು ವಿಚಾರಣೆ. ಅದನ್ನೂ ಅವರೇ ಮಾಡಿಕೊಳ್ಳಬೇಕಿತ್ತೇ?"

ಹಾಲಿನಲ್ಲಿ ನಗು ಎದ್ದಿತು. ನಾನೂ ನಕ್ಕೆ, ಅಭ್ಯಾಸಬಲ. ಎರಡೂ ಆದೇಶ ರದ್ದು. ಎಂಟು ವಾರದೊಳಗೆ ಇಬ್ಬರನ್ನೂ ಖುದ್ದಾಗಿ ಕರೆದು ಕೇಳಿ, ಕಾರಣ ಬರೆದು ಹೊಸ ಆದೇಶ ಮಾಡಿ. ಅಲ್ಲಿಯವರೆಗೆ ಅವರನ್ನು ಕದಲಿಸಬೇಡಿ ಎಂದಾಯಿತು.

ಹೊಸಬರು ಇಲ್ಲಿ ಎಡವುತ್ತಾರೆ. ಮನೆಯವರು ಗೆದ್ದರು, ಕಥೆ ಮುಗಿಯಿತು ಎಂದುಕೊಳ್ಳುತ್ತಾರೆ. ಕನ್ನಿಯಮ್ಮನೂ ಹಾಗೇ ಅಂದುಕೊಂಡು ಕೋರ್ಟಿನ ಹೊರಗೆ ಎಲ್ಲರಿಗೂ, ಎದುರಾಳಿ ಕಡೆಯವನಾದ ನನಗೂ, ಮಲ್ಲಿಗೆ ಹಂಚಿದಳು. ಆದರೆ ಹೈಕೋರ್ಟು ಮನೆ ಕೊಡಲಿಲ್ಲ. ಕೈ ತೊಳೆದು ಮತ್ತೆ ಬಡಿಸಿ ಎಂದಿತು, ಅಷ್ಟೇ. ಬಡಿಸುವವರು ಅದೇ ಮರಿಸ್ವಾಮಿ.

ಅವರಿಗೆ ಅದು ಚೆನ್ನಾಗಿ ಗೊತ್ತಿತ್ತು. "ನಾವು ಸೋತಿಲ್ಲ ಕಣ್ರಿ. ವಾಪಸ್ ಕಳ್ಸಿದ್ದಾರೆ. ಒಂದು ದಿನ ಕೂರಿಸಿ ಕೇಳೋಣ, ಕಾರಣಾನೂ ಬರೆಯೋಣ, ಅದೇ ಆರ್ಡರ್ ಮಾಡೋಣ" ಎಂದರು.

ಬರೆಯಬೇಕಾದ ಕಾರಣ ಒಂದೇ ಪ್ರಶ್ನೆಯ ಮೇಲೆ ನಿಂತಿತ್ತು. ವಯಸ್ಸು, ಕಾಯಿಲೆಯಿಂದ ಮೆಟ್ಟಿಲು ಹತ್ತಲಾಗದವರಿಗೆ ಮನೆ ಅದಲುಬದಲು ಮಾಡಿಕೊಡಬಹುದು ಎಂದು ಮಂಡಳಿಯದೇ ಒಂದು ಸುತ್ತೋಲೆ ಇತ್ತು. ಕನ್ನಿಯಮ್ಮ ನಿಜಕ್ಕೂ ಹತ್ತಲಾರಳು ಎಂದಾದರೆ ಎರಡು ಮನೆಯೂ ಉಳಿಯುತ್ತವೆ. ಹತ್ತಬಲ್ಲಳು ಎಂದಾದರೆ ಎರಡೂ ಹೋಗುತ್ತವೆ, ಈ ಸಲ ಹೈಕೋರ್ಟೂ ಬೆರಳಿಡಲಾರದಷ್ಟು ಕ್ರಮಬದ್ಧವಾಗಿ. ಸರಕಾರಿ ಆಸ್ಪತ್ರೆಯ ಡಾಕ್ಟರು ಬರೆದುಕೊಟ್ಟಿದ್ದರು: ಮೆಟ್ಟಿಲು ಹತ್ತುವುದನ್ನು ತಪ್ಪಿಸಬೇಕು.

"ತಪ್ಪಿಸಬೇಕು ಅಂದ್ರೆ ಆಗಲ್ಲ ಅಂತಲ್ವಲ್ಲ ಸಾರ್" ಎಂದ ಗೋವಿಂದರಾಜು. ಅಡ್ಜಸ್ಟ್ ಮಾಡಿಕೊಳ್ಳಿ ಎಂದದ್ದು ತಾನೇ ಎಂಬ ಮಾತು ಕೋರ್ಟಿನಲ್ಲಿ ಬಂದಾಗಿನಿಂದ ಆತನ ನಿದ್ದೆ ಹಾರಿತ್ತು. ಈ ಪ್ರಕರಣ ಗೆಲ್ಲಲೇಬೇಕಿತ್ತು. "ನಮ್ ಡಾಕ್ಟ್ರೂ ನಂಗೆ ಸಿಹಿ ತಪ್ಪಿಸಿ ಅಂತ ಬರೆದವ್ರೆ." ಆತನ ಕೈಯಲ್ಲಿ ಅರ್ಧ ತಿಂದ ಬಾದುಷಾ ಇತ್ತು.

ವಿಚಾರಣೆಯ ಜಾಗ ಎಂದಿನಂತೆ ಮೂರನೇ ಮಹಡಿ ಎಂದು ಸಾಹೇಬರು ಹೇಳಿದಾಗ ನಾನು ಈ ಪ್ರಕರಣದಲ್ಲಿ ಮೊದಲ ಬಾರಿಗೆ ದನಿ ಎತ್ತಿದೆ.

"ಸಾರ್, ಮೆಟ್ಟಿಲು ಹತ್ತೋಕಾಗಲ್ಲ ಅನ್ನೋರ ವಿಚಾರಣೆ ಮೂರನೇ ಮಹಡೀಲಿಟ್ರೆ ಇಡೀ ಹೈಕೋರ್ಟ್ ನಗತ್ತೆ."

"ಅವತ್ತೂ ನಕ್ರಂತಲ್ಲ. ನಗ್ಲಿ ಬಿಡಿ."

"ಅವ್ರ ವಕೀಲ ಬೆಳಿಗ್ಗೆ ನಗ್ತಾನೆ, ಮಧ್ಯಾಹ್ನ ಅರ್ಜಿ ಹಾಕ್ತಾನೆ ಸಾರ್. ಆಗ ನಿಮ್ಮನ್ನೇ ಖುದ್ದಾಗಿ ಕರೆಸ್ತಾರೆ."

ಸಾಹೇಬರು ಯೋಚಿಸಿದರು. "ಕೆಳಗೆ ಟಪಾಲು ರೂಮಲ್ಲಿ ಫ್ಯಾನ್ ತಿರುಗುತ್ತಾ?"

ತಿರುಗುತ್ತಿರಲಿಲ್ಲ. ತಿರುಗಿಸಿದೆ. ಎಲೆಕ್ಟ್ರಿಷಿಯನ್ನನ್ನು ಎರಡು ಸಲ ಕರೆಸಿದೆ, ಫ್ಯಾನ್ ಬಿದ್ದು ಸಾಹೇಬರ ತಲೆ ಒಡೆಯಬಹುದು ಎಂದು ಮೂರನೇ ಸಲವೂ ಕರೆಸಿದೆ. ಸೆಲ್ವಿಗೆ ಫೋನ್ ಮಾಡಿ, "ನೆಲಮಹಡೀನಮ್ಮಾ, ಗೇಟಿಂದ ಒಳಗೆ ಬಂದ್ರೆ ಎಡಗಡೆ ಮೊದಲ್ನೇ ಬಾಗ್ಲು" ಎಂದು ಬಿಡಿಸಿ ಹೇಳಿದೆ. ಆಕೆ ಇಂದಿರಾನಗರದ ಒಂದು ಆಫೀಸಿನಲ್ಲಿ ಕಸ ಗುಡಿಸುವ ಕೆಲಸ ಮುಗಿಸಿ ನೇರ ಬರುವುದಾಗಿಯೂ, ಅತ್ತೆಯನ್ನು ಪರಿಚಯದ ಆಟೋದಲ್ಲಿ ಮುಂಚೆಯೇ ಕಳಿಸುವುದಾಗಿಯೂ ಹೇಳಿದಳು.

ಆ ದಿನ ಏನೂ ಕೆಡಲಿಲ್ಲ. ಸಾಹೇಬರು ಹೊತ್ತಿಗೆ ಸರಿಯಾಗಿ ಬಂದರು, ಹೊಟ್ಟೆ ಸಮೇತ ಆರೋಗ್ಯವಾಗಿದ್ದರು. ಕಡತ ಇತ್ತು, ಆದೇಶದ ಪ್ರತಿ ಕಡತದಲ್ಲಿತ್ತು, ಕರೆಂಟು ಇತ್ತು, ಫ್ಯಾನ್ ಸೂರಿಗೆ ಅಂಟಿಕೊಂಡೇ ತಿರುಗಿತು. ಪಾಷಾ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದು ಎಲ್ಲರಿಗೂ ಸಲಾಮು ಹೇಳಿದ. ಸೆಲ್ವಿ ಓಡೋಡಿ ಬಂದಳು. ಕನ್ನಿಯಮ್ಮ ಮಾತ್ರ ಇಲ್ಲ.

"ಅತ್ತೆ ನಂಗಿಂತ ಮುಂಚೆ ಬಂದಿರ್ಬೇಕು ಸಾರ್. ಎಂಟೂವರೆಗೇ ಆಟೋದವ್ರು ಕರ್ಕೊಂಡು ಹೊರಟ್ರಂತೆ" ಎಂದಳು ಸೆಲ್ವಿ, ಗಾಬರಿಯಾಗಿ.

ಕಾದೆವು. ಸಾಹೇಬರು ಗಡಿಯಾರ ನೋಡಿದರು. ಗೋವಿಂದರಾಜು ಕೆಮ್ಮಿದ. "ಸಾರ್, ಅವಕಾಶ ಕೊಟ್ರೂ ಬಂದಿಲ್ಲ. ಗೈರುಹಾಜರಿ ಅಂತ ಬರ್ಕೊಂಡು ಏಕಪಕ್ಷೀಯವಾಗಿ..."

ಗಡುವಿಗೆ ಇನ್ನು ದಿನವಿಲ್ಲ. ಗೈರುಹಾಜರಿ ಎಂದು ಒಂದು ಸಾಲು ಬಿದ್ದರೆ ಎರಡು ಸಂಸಾರ ಮುಗಿದವು. ಪಾಷಾ ಎದ್ದು ಹೊರಗೆ ಹೋದ. ಅಂಗಳ ನೋಡಿದ, ರಸ್ತೆ ನೋಡಿದ. ಆಮೇಲೆ ಆತನ ಕಾಲಿನ ಸದ್ದು ಮೆಟ್ಟಿಲ ಮೇಲೆ ಕೇಳಿಸಿತು. ಸ್ವಲ್ಪ ಹೊತ್ತಿಗೆ ಮೇಲಿನಿಂದ ಕೂಗಿದ:

"ಸಾಬ್! ಅಮ್ಮಾ ಇಲ್ಲೇ ಅವ್ರೆ! ಮೇಲ್ಗಡೆ!"

ಗೋವಿಂದರಾಜುವಿನ ಮುಖ ಬಲ್ಬಿನಂತೆ ಹೊತ್ತಿಕೊಂಡಿತು. "ಮೂರನೇ ಮಹಡಿ! ಹತ್ತವ್ರೆ ನೋಡಿ ಸಾರ್! ತಾವೇ ಹತ್ತವ್ರೆ! ಇನ್ನೇನು 'ತಪ್ಪಿಸಬೇಕು', ಇನ್ನೇನು ಡಾಕ್ಟ್ರು! ಇದನ್ನೇ ಬರ್ಕೊಳ್ಳಿ ಸಾರ್."

ಸಾಹೇಬರು ಎದ್ದು ಮೆಟ್ಟಿಲ ಕಡೆ ನಡೆದರು. ಹಿಂದೆ ಗೋವಿಂದರಾಜು, ಅವನ ಹಿಂದೆ ಸೆಲ್ವಿ, ಕೊನೆಗೆ ನಾನು. ಹತ್ತುವಾಗ ನನಗೆ ತೋರಿದ್ದು ಇಷ್ಟೇ: ಈ ಮುದುಕಿಯನ್ನು ಮನೆಯಿಂದ ಹೊರಹಾಕಲು ಮಂಡಳಿಗೆ ಇಷ್ಟು ದಿನ ಸಿಗದಿದ್ದ ಕಾರಣವನ್ನು ಆಕೆಯೇ ತಂದುಕೊಟ್ಟಳು.

ಮರಿಸ್ವಾಮಿ ಸಾಹೇಬರ ಕೊಠಡಿಯ ಮುಂದಿನ ಬೆಂಚಿನ ಮೇಲೆ ಕನ್ನಿಯಮ್ಮ ಕೂತಿದ್ದಳು. ಚಪ್ಪಲಿ ಮಡಿಲಲ್ಲಿದ್ದವು. ನಮ್ಮನ್ನು ಕಂಡು ಏಳಲು ಬೆಂಚಿನ ಅಂಚು ಹಿಡಿದಳು, ಆಗಲಿಲ್ಲ.

"ಹತ್ತಿದ್ರಲ್ಲಮ್ಮಾ" ಎಂದ ಗೋವಿಂದರಾಜು.

"ಹತ್ತಿದೆ ಸಾಮಿ."

"ಕೇಳಿಸ್ತಲ್ಲ ಸಾರ್? ಬಾಯಿಬಿಟ್ಟು ಒಪ್ಕೊಂಡ್ರು."

"ಕೆಳಗೆ ಅಂತ ಹೇಳಿರ್ಲಿಲ್ವಾ ಅತ್ತೆ?" ಎಂದು ಸೆಲ್ವಿ ಅಳುಮುಖ ಮಾಡಿದಳು.

"ಕೆಳಗೆ ಅಂತಾನೇ ಗೇಟಲ್ಲಿ ಹೇಳಿದೆ ಕಣಮ್ಮಾ. ಅವ್ರು ಮೇಲೆ ಅಂದ್ರು. ಜಗಳ ಮಾಡೋದ್ಯಾಕೆ? ಹೋದ್ಸಲ ಕೂಗಾಡಿದ್ದಕ್ಕೇ ಅಲ್ವಾ ಮನೆ ಬಿಡು ಅಂದಿದ್ದು?"

ಸೆಲ್ವಿ ಅತ್ತೆಯ ಪಕ್ಕ ಕೂತು ಬೆನ್ನ ಮೇಲೆ ಕೈಯಿಟ್ಟವಳು, ತಟ್ಟನೆ ಕೈ ತೆಗೆದು ನೋಡಿಕೊಂಡಳು. ಅಂಗೈ ಪೂರ್ತಿ ಕಪ್ಪು. ಕನ್ನಿಯಮ್ಮನನ್ನು ಸ್ವಲ್ಪ ಮುಂದಕ್ಕೆ ಬಾಗಿಸಿದಳು. ಆಕೆ ವಿಚಾರಣೆಗೆಂದು ಒಳ್ಳೆಯ ಸೀರೆ ಉಟ್ಟು ಬಂದಿದ್ದಳು, ಹಸಿರು ಬಣ್ಣದ್ದು. ಮುಂದಿನಿಂದ ಹಸಿರು. ಹಿಂದೆ ಸೊಂಟದಿಂದ ಕೆಳಗೆ ನಮ್ಮ ಕಟ್ಟಡದ ಅಷ್ಟೂ ಮೆಟ್ಟಿಲುಗಳು ಇದ್ದವು: ಧೂಳು, ಕಾಫಿ ಕಲೆ, ಯಾರೋ ಉಗಿದ ಎಲೆಯಡಿಕೆಯ ಕೆಂಪು.

ಮರಿಸ್ವಾಮಿ ಅದನ್ನೇ ನೋಡಿದರು. "ಹೆಂಗೆ ಹತ್ತಿದ್ರಿ?" ಎಂದು ಕೇಳಿದರು.

"ಕೂತ್ಕೊಂಡು ಸಾಮಿ. ಹಿಂದ್‌ಹಿಂದಕ್ಕೆ. ಒಂದು ಮೆಟ್ಲು ಕೂರೋದು, ಕೈ ಊರೋದು, ಇನ್ನೊಂದು ಮೆಟ್ಲು." ಆಮೇಲೆ, ತಪ್ಪು ಮಾಡಿದವಳ ಹಾಗೆ, "ಮೆಟ್ಲಲ್ಲಿ ಓಡಾಡೋರಿಗೆಲ್ಲ ಅಡ್ಡ ಆಗ್ಬಿಡ್ತು" ಎಂದಳು.

"ಇಳಿಯೋದು ಹೆಂಗಮ್ಮಾ?"

"ಅದು ಗೊತ್ತಿಲ್ಲ ಸಾಮಿ. ಕರೆದವ್ರು ಇಳಿಸ್ತಾರೆ ಅಂದ್ಕೊಂಡೆ."

ಗೋವಿಂದರಾಜು, ಕರ್ತವ್ಯದವನು, "ಆದ್ರೂ ಸಾರ್, ಹತ್ತಿದ್ದು ಹತ್ತಿದ್ದೇ. ದಾಖಲೆ ಮಾಡ್ಬೇಕಲ್ವಾ?" ಎಂದ.

"ಮಾಡ್ಬೇಕು" ಎಂದರು ಮರಿಸ್ವಾಮಿ. "ಹೆಂಗೆ ಹತ್ತಿದ್ರು ಅನ್ನೋದನ್ನೂ ಸೇರಿಸಿ ಮಾಡ್ಬೇಕು. ನೀವೇ ಬರ್ಕೊಳ್ಳಿ ಗೋವಿಂದರಾಜು. ಸೀರೆ ಹಿಂದ್ಗಡೆ ಏನೇನು ಕಾಣ್ಸತ್ತೆ, ಅದೂ ಬರ್ಕೊಳ್ಳಿ. ಇದೂ ಮಹಜರೇ."

ಆತ ಬರೆದುಕೊಂಡ. ಅಷ್ಟು ವರ್ಷಗಳಲ್ಲಿ ಕಂಡದ್ದನ್ನು ಕಂಡ ಹಾಗೆ ಬರೆದ ಅವನ ಒಂದೇ ಮಹಜರು ಅದು.

ಸಾಹೇಬರು ಅಲ್ಲೇ ಬೆಂಚಿನ ಎದುರು ಕುರ್ಚಿ ಹಾಕಿಸಿಕೊಂಡು ಇಬ್ಬರ ಮಾತನ್ನೂ ಕೇಳಿದರು. ಪಾರಿವಾಳದ ವಿಷಯವೂ ಬಂತು. ಸಂಜೆಯೊಳಗೆ ಆದೇಶ ಸಿದ್ಧವಾಯಿತು. ಅದಲುಬದಲು ಮಂಜೂರು, ಖಾಲಿ ಮಾಡಿಸುವ ಕ್ರಮ ಕೈಬಿಟ್ಟಿದೆ, ಕಾರಣ ಎರಡೂವರೆ ಪುಟ. ಮರಿಸ್ವಾಮಿ ದಯಾವಂತರಾದರು ಎಂದು ನಾನು ಹೇಳಲಾರೆ. ಮರುವಾರವೇ ಇನ್ನೊಂದು ಕಡತದಲ್ಲಿ "ಸಮಾಧಾನಕರವಾಗಿಲ್ಲ" ಎಂದು ಬರೆದರು. ಆದರೆ ಆ ಎರಡೂವರೆ ಪುಟ ಅವರ ಕೈಬರಹದಲ್ಲೇ ಇತ್ತು, ನಾನೊಂದು ಅಕ್ಷರ ತಿದ್ದಬೇಕಾಗಲಿಲ್ಲ.

ಕನ್ನಿಯಮ್ಮನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಇಳಿಸಿದೆವು. ಮುಂದೆ ಪಾಷಾ ಮತ್ತು ಗೋವಿಂದರಾಜು, ಹಿಂದೆ ನಾನು ಮತ್ತು ಸೆಲ್ವಿ. ಆಕೆ ದಾರಿಯುದ್ದಕ್ಕೂ, "ಮೆಲ್ಲಗೆ ಸಾಮಿ, ಮೆಲ್ಲಗೆ, ನಿಮ್ಗೂ ವಯಸ್ಸಾಯ್ತು" ಎಂದು ನನ್ನನ್ನೇ ನೋಡಿಕೊಂಡು ಹೇಳುತ್ತಿದ್ದಳು. ಕುರ್ಚಿಯ ಕಾಲು ಮುರಿಯಬಹುದಿತ್ತು. ಮುರಿಯಲಿಲ್ಲ.

ಆಟೋ ಹೋದ ಮೇಲೆ ನಾನು ಗೇಟಿನ ಬಳಿ ನಿಂತೆ. ಜಾಗ ಬದಲಾದದ್ದನ್ನು ಅಧಿಕಾರಿಗೆ ತಿಳಿಸಲಾಗಿತ್ತು, ಎರಡೂ ಕಡೆಯ ವಕೀಲರಿಗೆ, ಎರಡು ಮನೆಯವರಿಗೆ, ಟಪಾಲಿನವರಿಗೆ, ಎಲೆಕ್ಟ್ರಿಷಿಯನ್ನಿಗೆ, ಕಾಫಿ ತರುವವನಿಗೆ ಸಹ. ಸೆಕ್ಯುರಿಟಿಯವನು ಸ್ಟೂಲಿನ ಮೇಲೆ ಕೂತು ಮೊಬೈಲಿನಲ್ಲಿ ಕ್ರಿಕೆಟ್ ನೋಡುತ್ತಿದ್ದ.

"ಆ ಅಜ್ಜೀನ ಮೇಲೆ ಕಳ್ಸಿದ್ದು ನೀವೇನ್ರೀ?" ಎಂದೆ.

ಆತ ತಲೆ ಎತ್ತಲಿಲ್ಲ. "ಹಿಯರಿಂಗ್ ಅಂದ್ರು ಸಾರ್. ಹಿಯರಿಂಗ್ ಮೂರನೇ ಮಹಡೀಲಿ ತಾನೆ?"